ಮುಡಿಯಲ್ಲಿ ಮರದ ಚಾಕು

ಸ್ವಿಸ್ ಕಲಾವಿದ ಕಾರ್ಲ್ ಬೋಡ್ಮರ್‌ನ ಹಳೇ ಅಚ್ಚುಚಿತ್ರಗಳನ್ನು ಜನ ‘ಚೆಂದದ ವೇಷ’ ಅಂತ ನೋಡ್ತಾರೆ. ನಾನೂ ಮೊದಲು ಗರಿಗಳನ್ನಷ್ಟೇ ನೋಡಿದ್ದೆ. ಉತ್ತರ ಅಮೆರಿಕದ ಹುಲ್ಲುಗಾವಲಿನ ಮಂಡನ್ ಮುಖಂಡ ಮಾಟೊ-ಟೋಪೆಯ ಮುಡಿಯಲ್ಲಿರೋ ಮರದ ಚಾಕು, ಶೆಯೆನ್ ಮುಖಂಡನೊಬ್ಬನ ಕೈಯಿಂದ ಕಿತ್ತುಕೊಂಡ ಚಾಕುವಿನ ಗುರುತು. ಎದೆ ಮೇಲಿನ ಹಳದಿ ಹಸ್ತ ಅಂದ್ರೆ ಶತ್ರುಗಳನ್ನು ಸೆರೆ ಹಿಡಿದಿದ್ದಾನೆ ಅಂತ. ನಮ್ಮ ರೆಸ್ಯೂಮೆಯಲ್ಲಿ ಒಂಚೂರು ಉಬ್ಬಿಸಿದ್ರೂ ನಡೆಯುತ್ತೆ. ಅಲ್ಲಿ ಊರೇ ಸಾಕ್ಷಿ.

ಬೋಡ್ಮರ್ ಈ ಗುರುತುಗಳನ್ನು ಅಲಂಕಾರ ಅಂತ ತೇಲಿಸದೆ ನಿಷ್ಠೆಯಿಂದ ಬರೆದ. ಅದೇ ಅವನ ದೊಡ್ಡತನ. ಆದರೆ ಚಿತ್ರಗಳು ಯುರೋಪಿನಲ್ಲಿ ಪ್ರಕಟವಾಗತೊಡಗಿದ್ದು 1839ರಲ್ಲಿ. ಅಷ್ಟರಲ್ಲಿ 1837ರ ಸಿಡುಬು ಮಾಟೊ-ಟೋಪೆಯನ್ನೂ, ಮಂಡನ್ನರಲ್ಲಿ ಬಹುಪಾಲು ಜನರನ್ನೂ ಒಯ್ದಿತ್ತು. ಆ ಗುರುತುಗಳನ್ನು ಓದಬಲ್ಲ ಊರೇ ಬರಿದಾಗಿತ್ತು. ಗೋಡೆಗೆ ತೂಗುಹಾಕೋರು ಕೆಳಗಿರೋ ಹೆಸರನ್ನಾದ್ರೂ ಓದಲಿ.