ಗ್ಯಾಸಿಗಿಂತ ಮೊದಲು ಗಾಳಿ

ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ 80ರ ವೇಗದಲ್ಲಿ ಹಿತವಾಗಿ ತಣ್ಣಗಿದ್ದ ಕಾರು, ಶಿರಾ ಊರೊಳಗೆ ತಿರುಗಿ ಸಂದಣಿಯಲ್ಲಿ ನಿಂತ ಕೂಡಲೇ ಬೆಚ್ಚಗಿನ ಗಾಳಿ ಊದತೊಡಗುತ್ತದೆ. ‘ಗ್ಯಾಸ್ ಖಾಲಿ ಆಗಿರ್ಬೇಕು, ಸ್ವಲ್ಪ ಹಾಕ್ಬಿಡಿ’ ಎಂದು ಕಾರಿನವರು ನೇರ ಗ್ಯಾರೇಜಿಗೆ ಹೋಗುತ್ತಾರೆ. ಗ್ಯಾಸ್ ಖಾಲಿಯಾಗಿದ್ದರೆ ಹೆದ್ದಾರಿಯಲ್ಲಿ ತಂಪು ಎಲ್ಲಿಂದ ಬಂತು? ಓಡುವಾಗ ಎದುರುಗಾಳಿ ಮಾಡುತ್ತಿದ್ದ ಕೆಲಸವನ್ನು ನಿಂತಾಗ ಕಂಡೆನ್ಸರ್ ಫ್ಯಾನ್ ಮಾಡಬೇಕು. ಮೊದಲು ನೋಡಬೇಕಾದ್ದು ಅದನ್ನು.

ಎಸಿ ಎಂದರೆ ಕಾರಿನೊಳಗಿನ ಶಾಖವನ್ನು ಹೊತ್ತೊಯ್ದು ಹೊರಗೆ ಚೆಲ್ಲುವ ಯಂತ್ರ. ಇಲ್ಲಿ ಓಡುವ ಬಹುಪಾಲು ಕಾರುಗಳಲ್ಲಿರುವ ಆರ್-134ಎ ಅನಿಲ, ಸಾಮಾನ್ಯ ವಾಯುಭಾರದಲ್ಲಿ ಮೈನಸ್ 26 ಡಿಗ್ರಿಗೇ ಕುದಿಯುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿನ ಇವ್ಯಾಪರೇಟರಿನಲ್ಲಿ ಆವಿಯಾಗುತ್ತ ಶಾಖ ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ, ರೇಡಿಯೇಟರಿನ ಮುಂದಿರುವ ಕಂಡೆನ್ಸರಿಗೆ ದೂಡುತ್ತದೆ. ಅಲ್ಲಿ ಶಾಖ ಬಿಟ್ಟುಕೊಟ್ಟು ಅದು ಮತ್ತೆ ದ್ರವವಾಗಬೇಕು. ಹೊರಗೆ 40 ಡಿಗ್ರಿ ಸುಡುವಾಗ ಕಷ್ಟವಾಗುವುದು ಈ ಕೊನೆಯ ಹಂತವೇ.

ಕಂಡೆನ್ಸರಿನ ತೆಳು ರೆಕ್ಕೆಗಳ ನಡುವೆ ಗಾಳಿ ಆಡದಂತೆ ಮಾಡುವ ಸಾಮಗ್ರಿ ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆ ತಾಲ್ಲೂಕುಗಳಲ್ಲಿ ಹೇರಳ. ಶೇಂಗಾ ಕೀಳುವ ಕಾಲದ ಕೆಮ್ಮಣ್ಣಿನ ದೂಳು ಒಂದು. ಡಾಂಬರು ರಸ್ತೆಯೇ ಕಣವಾದಾಗ ಏಳುವ ರಾಗಿ, ಹುರುಳಿಯ ಹೊಟ್ಟು ಇನ್ನೊಂದು. ರಸ್ತೆಗೆ ಹರಡಿದ ಹುರುಳಿ ಸೊಪ್ಪೆ ಅಡಿಭಾಗಕ್ಕೆ ಸುತ್ತಿಕೊಂಡು ಕಾರಿಗೆ ಬೆಂಕಿ ಹತ್ತಿದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಅದೇ ಹೊಟ್ಟು ಬಂಪರಿನ ಜಾಲರಿ ದಾಟಿ ಕಂಡೆನ್ಸರಿಗೆ ಮೆತ್ತಿಕೊಂಡದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಹರಡಿದೆ. ಅಲ್ಲಿ ಫಲಕ ಒರೆಸದಿದ್ದರೆ ಕರೆಂಟು ಇಳಿಯುತ್ತದೆ. ಪಕ್ಕದ ರಸ್ತೆಯಲ್ಲಿ ಅದೇ ದೂಳು ಕುಡಿಯುವ ಕಾರಿಗೂ ಆ ಆರೈಕೆ ಸಲ್ಲಬೇಕು.

ಕಂಡೆನ್ಸರ್ ತೊಳೆಯುವುದಕ್ಕೂ ಒಂದು ಹದವಿದೆ. ಎಂಜಿನ್ ತಣ್ಣಗಾದ ಮೇಲೆ ಸಾಧಾರಣ ಪೈಪಿನ ನೀರನ್ನು ನೇರವಾಗಿ ಬಿಟ್ಟರೆ ಸಾಕು. ವಾಟರ್ ಸರ್ವಿಸ್‌ನವರು ಪ್ರೆಷರ್ ಗನ್ ಹತ್ತಿರ ಹಿಡಿಯಲು ಬಂದರೆ ಖಂಡಿತ ತಡೆಯಬೇಕು. ರೆಕ್ಕೆಗಳು ಮಡಚಿಕೊಂಡು, ದೂಳು ಮುಚ್ಚಿದ್ದಕ್ಕಿಂತ ಹೆಚ್ಚಾಗಿ ಗಾಳಿಯ ದಾರಿ ಮುಚ್ಚಿಹೋಗುತ್ತದೆ. ಬ್ಲೋವರ್ ಸದ್ದು ಜೋರಾಗಿದ್ದು ಗಾಳಿ ಸಣ್ಣದಾದರೆ, ಸಾಮಾನ್ಯವಾಗಿ ಗ್ಲೋವ್ ಬಾಕ್ಸಿನ ಹಿಂದಿರುವ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಬೇಕು. ಈ ಸೀಮೆಯಲ್ಲಿ ಕಂಪನಿಯ ಪುಸ್ತಕ ಹೇಳುವ ಕಿಲೋಮೀಟರಿಗೆ ಕಾಯುವುದು ತರವಲ್ಲ.

ಕೊರಟಗೆರೆ ದಾಟಿ ಮಧುಗಿರಿ ಕಡೆಗೆ ಹೋಗುವಾಗ ಲಾರಿ ಹಿಂದಿಕ್ಕಲು ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ತಂಪು ಕೆಲವು ಕ್ಷಣ ಇಳಿಯಬಹುದು. ಗಾಬರಿ ಬೇಡ. ಅನೇಕ ಸಣ್ಣ ಕಾರುಗಳು ಎಂಜಿನ್ನಿನ ಹೊರೆ ಇಳಿಸಲು ಆಗ ಕಂಪ್ರೆಸರನ್ನು ತಾವೇ ಬಿಡಿಸುತ್ತವೆ.

ಶನಿವಾರ ಪಾವಗಡದ ಶನಿಮಹಾತ್ಮ ದೇವಸ್ಥಾನಕ್ಕೆ ಬಂದವರ ಕಷ್ಟ ಬೇರೆ. ದರ್ಶನ ಮುಗಿಯುವವರೆಗೆ ಕಾರು ಬಿಸಿಲಲ್ಲೇ ಬೇಯುತ್ತದೆ. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಿಸಿಲಲ್ಲಿ ನಿಂತ ಕಾರಿನ ಒಳಗಿನ ತಾಪ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಏರಿತ್ತು. ಆ ಏರಿಕೆಯ ಶೇ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಆಗಿತ್ತು. ಗಾಜನ್ನು ತುಸು ಇಳಿಸಿಟ್ಟದ್ದರಿಂದ ಹೆಚ್ಚೇನೂ ಪ್ರಯೋಜನವಾಗಲಿಲ್ಲ. ಮುಂಗಾಜಿಗೆ ಒಳಗಿಂದ ಹೊಳೆಯುವ ಪರದೆ ಇಟ್ಟು ಹೋಗುವುದು ಮೇಲು. ಹಿಂತಿರುಗಿದಾಗ ಬಾಗಿಲುಗಳನ್ನೆಲ್ಲ ತೆರೆದು, ಒಂದೆರಡು ನಿಮಿಷ ಗಾಜಿಳಿಸಿ ಓಡಿಸಿ, ಕುದಿಗಾಳಿ ಹೊರಹೋದ ಮೇಲೆ ಗಾಜು ಏರಿಸಿ ರೀಸರ್ಕ್ಯುಲೇಷನ್ ಒತ್ತಬೇಕು. ಹೊರಗಿನ 40 ಡಿಗ್ರಿ ಗಾಳಿಯನ್ನು ಮತ್ತೆ ಮತ್ತೆ ತಂಪುಮಾಡುವ ಶ್ರಮ ಆಗ ತಪ್ಪುತ್ತದೆ.

ಇಷ್ಟೆಲ್ಲ ಸರಿಯಿದ್ದೂ ತಂಪಿಲ್ಲವಾದರೆ ಗ್ಯಾಸಿನ ಮಾತು. ಪೆಟ್ರೋಲಿನಂತೆ ಅದು ಉರಿದು ಮುಗಿಯುವ ವಸ್ತುವಲ್ಲ. ಗಣನೀಯವಾಗಿ ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಸೋರಿಕೆ ಹುಡುಕಿ ಮುಚ್ಚಿಸಿ, ವ್ಯಾಕ್ಯೂಮ್ ಮಾಡಿಸಿ, ಬಾನೆಟ್ ಅಡಿಯ ಸ್ಟಿಕರಿನಲ್ಲಿ ಬರೆದ ಗ್ರಾಂ ಲೆಕ್ಕಕ್ಕೇ ತೂಗಿ ತುಂಬಿಸಬೇಕು. ಅನೇಕ ಸಣ್ಣ ಕಾರುಗಳಿಗೆ ಅರ್ಧ ಕಿಲೋಗಿಂತ ಕಡಿಮೆ ಸಾಕು. ಹೆಚ್ಚು ತುಂಬಿದರೆ ಒತ್ತಡ ಏರಿ ತಂಪು ಇಳಿಯುತ್ತದೆ. ಆರ್-134ಎ ಭೂಮಿಯನ್ನು ಬಿಸಿಮಾಡುವ ಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. ಹಾಗಾಗಿ ಹಳೆಯ ಗ್ಯಾಸನ್ನು ಬಯಲಿಗೆ ಬಿಡದೆ ಮೆಷಿನ್ನಿಗೆ ಎಳೆದುಕೊಳ್ಳುವ ಗ್ಯಾರೇಜನ್ನೇ, ನಾಲ್ಕು ಕಿಲೋಮೀಟರ್ ದೂರವಾದರೂ, ಹುಡುಕಿಕೊಂಡು ಹೋಗಬೇಕು.