ಹೆಸರು ಉಳಿಸಿ ಹೊರಟ ಗಿಟಾರ್ ವಾದಕ

ರಾಕ್ ತಂಡಗಳ ಚರಿತ್ರೆಯೆಂದರೆ ಬಹುಪಾಲು ಬಂದವರ, ಹೋದವರ ಲೆಕ್ಕ. ಯಾರು ಎಷ್ಟು ವರ್ಷ ಉಳಿದರು, ಎಷ್ಟು ಆಲ್ಬಮ್ ಮಾರಾಟವಾದವು ಎಂಬುದರಿಂದಲೇ ನಾವು ಕಲಾವಿದರನ್ನು ಅಳೆಯುತ್ತೇವೆ. ಇಂಗ್ಲೆಂಡಿನ ಗಿಟಾರ್ ವಾದಕ ಪೀಟರ್ ಗ್ರೀನ್ ಅವರ ವಿಷಯದಲ್ಲಿ ಈ ಅಳತೆಗೋಲು ಸೋಲುತ್ತದೆ.

1966ರಲ್ಲಿ ಅವರು ಜಾನ್ ಮೇಯಲ್ ಅವರ 'ಬ್ಲೂಸ್‌ಬ್ರೇಕರ್ಸ್' ತಂಡ ಸೇರಿದ್ದು ಎರಿಕ್ ಕ್ಲಾಪ್ಟನ್ ತೆರವು ಮಾಡಿದ ಜಾಗಕ್ಕೆ. ಕ್ಲಾಪ್ಟನ್ ಆಗ ಅಭಿಮಾನಿಗಳ ಆರಾಧ್ಯ. ಗ್ರೀನ್ ಅವರನ್ನು ಅನುಕರಿಸಲಿಲ್ಲ. ಸ್ವರಗಳನ್ನು ಕಡಿಮೆ ಮಾಡಿ, ಅವುಗಳ ನಡುವೆ ಮೌನಕ್ಕೆ ಎಡೆಕೊಟ್ಟರು.

1967ರಲ್ಲಿ ಸ್ವಂತ ತಂಡ ಕಟ್ಟಿದಾಗಲೂ ಅದೇ ಗುಣ. ಡ್ರಮ್ ನುಡಿಸುವ ಮಿಕ್ ಫ್ಲೀಟ್‌ವುಡ್, ಬೇಸ್ ಗಿಟಾರಿನ ಜಾನ್ ಮ್ಯಾಕ್‌ವೀ ಇಬ್ಬರ ಹೆಸರು ಸೇರಿಸಿ 'ಫ್ಲೀಟ್‌ವುಡ್ ಮ್ಯಾಕ್' ಎಂದು ಕರೆದರು. ಮ್ಯಾಕ್‌ವೀ ಆಗಿನ್ನೂ ತಂಡಕ್ಕೆ ಬಂದೇ ಇರಲಿಲ್ಲ! ಜಾಹೀರಾತುಗಳಲ್ಲಿ ಗ್ರೀನ್ ಹೆಸರು ಮುಂದೆ ಸೇರಿದ್ದುಂಟು. ಕೊನೆಗೆ ಉಳಿದದ್ದು ಜೊತೆಗಾರರ ಹೆಸರು. ಜೆರೆಮಿ ಸ್ಪೆನ್ಸರ್ ಎಂಬ ಇನ್ನೊಬ್ಬ ಗಿಟಾರ್ ವಾದಕ ಇದ್ದಾಗಲೇ 1968ರಲ್ಲಿ ಹದಿನೆಂಟರ ಡ್ಯಾನಿ ಕರ್ವನ್‌ಗೂ ಜಾಗ ಕೊಟ್ಟರು. 1969ರ 'ದೆನ್ ಪ್ಲೇ ಆನ್' ಆಲ್ಬಮ್ಮಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ರಚನೆಗಳು ಈ ಹುಡುಗನವು.

1970ರ ಮೇ ತಿಂಗಳಲ್ಲಿ ಗ್ರೀನ್ ತಂಡ ಬಿಟ್ಟರು. ಹಣ ಬೇಡ, ದಾನ ಮಾಡೋಣ ಎಂಬ ತೀವ್ರ ತುಡಿತ ಒಂದೆಡೆ, ಎಲ್‌ಎಸ್‌ಡಿಯ ಸೇವನೆ, ಉಲ್ಬಣಿಸುತ್ತಿದ್ದ ಮನೋರೋಗ ಇನ್ನೊಂದೆಡೆ. ಮುಂದೆ ಆಸ್ಪತ್ರೆ, ವಿದ್ಯುತ್ ಆಘಾತದ ಚಿಕಿತ್ಸೆ, ವರ್ಷಗಟ್ಟಲೆ ಮೌನ. ಇದನ್ನು 'ಪ್ರತಿಭೆಗೆ ತೆತ್ತ ಬೆಲೆ' ಎಂದು ಬಣ್ಣಿಸುವವರನ್ನು ನಾವು ಒಪ್ಪಲಾರೆವು. ಕಾಯಿಲೆ ಅವರಿಗೆ ಸಂಗೀತ ಕೊಡಲಿಲ್ಲ, ಇದ್ದ ಸಂಗೀತವನ್ನು ಕಸಿದುಕೊಂಡಿತು. ಹಣದ ಬಗೆಗಿನ ಅವರ ಪ್ರಶ್ನೆಯನ್ನು ಬರೀ ಹುಚ್ಚೆಂದು ತಳ್ಳಿಹಾಕುವುದೂ ಅಷ್ಟೇ ಅನ್ಯಾಯ.

ಇತ್ತ ತಂಡದಲ್ಲಿ ಗಿಟಾರ್ ವಾದಕರು ಬದಲಾಗುತ್ತಲೇ ಹೋದರು. ಲಿಂಡ್ಸಿ ಬಕಿಂಗ್‌ಹ್ಯಾಮ್ ಇದ್ದ ಕಾಲದ 'ರೂಮರ್ಸ್' (1977) 4 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ಗ್ರೀನ್ 1968ರಲ್ಲಿ ರಚಿಸಿದ 'ಬ್ಲ್ಯಾಕ್ ಮ್ಯಾಜಿಕ್ ವುಮನ್' ಎರಡು ವರ್ಷಗಳ ನಂತರ ಸಾಂಟಾನಾ ತಂಡದ ಹಾಡಾಗಿ ಲೋಕಪ್ರಸಿದ್ಧವಾಯಿತು. 1990ರ ದಶಕದಲ್ಲಿ ಅವರು ವೇದಿಕೆಗೆ ಮರಳಿದರೂ ಹಳೆಯ ಹಿಡಿತ ಪೂರ್ತಿ ಮರಳಲಿಲ್ಲ. 2020ರ ಜುಲೈಯಲ್ಲಿ, 73ರ ವಯಸ್ಸಿನಲ್ಲಿ ತೀರಿಕೊಂಡರು.

ಹೀಗಾಗಿ ಅವರ ಮೂರು ವರ್ಷಗಳು ದೊಡ್ಡ ತಂಡವೊಂದರ ಮುನ್ನುಡಿಯಾಗಿ ಮಾತ್ರ ಉಳಿದಿವೆ. ಇದು ಸರಿಯಲ್ಲ. 1969ರ ಆರಂಭದಲ್ಲಿ ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ 'ಆಲ್ಬಟ್ರಾಸ್' ಕೇಳಿ. ಅದರಲ್ಲಿ ಮಾತಿಲ್ಲ, ವೇಗವಿಲ್ಲ, ಬೆರಳುಗಳ ಚಮತ್ಕಾರವಿಲ್ಲ. ಗ್ರೀನ್ ಗಿಟಾರಿನ ಪಕ್ಕದಲ್ಲೇ ಕರ್ವನ್ ಗಿಟಾರೂ ಕೇಳಿಸುತ್ತದೆ. ಇನ್ನೊಬ್ಬರಿಗೆ ಜಾಗ ಬಿಟ್ಟು ನುಡಿಸುವುದನ್ನು ಕಲಿಯಬೇಕೆನ್ನುವವರು ಇಲ್ಲಿಂದ ಆರಂಭಿಸಬಹುದು.