ಗುಂಡ್ಲುಪೇಟೆಯ ಹಾದಿಗಳೂ ಸಣ್ಣ ಕಾರೂ

ಸಣ್ಣ ಕಾರಿನ ಗುಣದೋಷಗಳನ್ನು ತೂಗಿ ನೋಡಬೇಕೆನ್ನುವವನಿಗೆ ಗುಂಡ್ಲುಪೇಟೆಗಿಂತ ಯೋಗ್ಯವಾದ ಪರೀಕ್ಷಾಸ್ಥಾನ ನಮ್ಮ ನಾಡಿನಲ್ಲಿ ವಿರಳವೆಂದೇ ನನ್ನ ಎಣಿಕೆ. ಮೈಸೂರಿನಿಂದ ಸುಮಾರು ೬೦ ಕಿಲೋಮೀಟರು ಬಯಲಿನಲ್ಲಿ ಹರಿದುಬಂದ ಹಾದಿ ಇಲ್ಲಿ ಕವಲೊಡೆದು, ಒಂದು ಬಂಡೀಪುರದ ಕಾಡನ್ನು ಹೊಕ್ಕು ಉದಕಮಂಡಲದತ್ತಲೂ ಮತ್ತೊಂದು ವಯನಾಡಿನತ್ತಲೂ ಸಾಗುವುದು. ತೆರಕಣಾಂಬಿಯ ಮೇಲೆ ಚಾಮರಾಜನಗರವನ್ನು ಸೇರಿದರೆ ಅಲ್ಲಿಂದಾಚೆಗೆ ದಿಂಬಂ ಘಾಟಿಯ ೨೭ ತಿರುವುಗಳು ಕಾದಿರುವುವು. ಇಷ್ಟು ಬಗೆಯ ನೆಲವನ್ನು ಒಂದೇ ದಿನದಲ್ಲಿ ತುಳಿಯಬೇಕಾದ ಗಾಡಿಯ ವಿಷಯದಲ್ಲಿ ಇಲ್ಲಿಯವರು ಮೊದಲು ಕೇಳುವ ಪ್ರಶ್ನೆ, ಎಷ್ಟೋ ವೇಳೆ ಕೇಳುವ ಏಕೈಕ ಪ್ರಶ್ನೆ, "ಮೈಲೇಜು ಎಷ್ಟು ಕೊಡ್ತದೆ?" ಎಂಬುದು. ಮಳೆಯನ್ನೂ ತರಕಾರಿಯ ಧಾರಣೆಯನ್ನೂ ನಂಬಿ ಬದುಕುವ ಸಂಸಾರಕ್ಕೆ ಈ ಪ್ರಶ್ನೆ ಸಹಜವಾದುದೇ. ಆದರೆ ಕಾರಿನ ಸಮಸ್ತ ಯೋಗ್ಯತೆಯನ್ನೂ ಅದೊಂದರ ಉತ್ತರದಿಂದಲೇ ನಿರ್ಣಯಿಸುವ ರೂಢಿಯು ಪುನರ್ವಿಮರ್ಶೆಗೆ ಅರ್ಹವಾಗಿದೆ.

೧೯೮೩ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ ೮೦೦ ಇಂಥ ಊರುಗಳ ಮಧ್ಯಮವರ್ಗಕ್ಕೆ ಮಾಡಿದ ಉಪಕಾರ ಸಾಮಾನ್ಯವಲ್ಲ. ೭೯೬ ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್ನು, ಸುಮಾರು ೬೫೦ ಕಿಲೋ ತೂಗುವ ಹಗುರವಾದ ಒಡಲು: ಅದರ ಮಿತವ್ಯಯದ ಮೂಲ ಈ ಎರಡರಲ್ಲಿಯೇ ಇದೆ. ಗಾಲಿಗೆ ನೆಲವೊಡ್ಡುವ ತಡೆ ತೂಕದೊಡನೆಯೂ, ಗಾಳಿಯೊಡ್ಡುವ ತಡೆ ವೇಗದ ವರ್ಗದೊಡನೆಯೂ ಏರುವುದರಿಂದ, ಹಗುರವಾದ ಗಾಡಿ ಐವತ್ತು ಅರವತ್ತರ ವೇಗದಲ್ಲಿ ಓಡುವಾಗ ಬಲು ಸ್ವಲ್ಪ ಪೆಟ್ರೋಲಿನಲ್ಲಿ ತೃಪ್ತಿಪಡುತ್ತದೆ. ಈ ಸೀಮೆಯ ರಸ್ತೆಗಳು ಬೇಡುವ ವೇಗವೂ ಅದೇ. ೨೦೦೯ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನಗಳನ್ನು ತಡೆದಿರುವ ಬಂಡೀಪುರದ ಹಾದಿಯಲ್ಲಿ, ಹಗಲಿನಲ್ಲಿಯೂ ಹಂಪುಗಳನ್ನು ದಾಟುತ್ತ, ಆನೆಯೋ ಜಿಂಕೆಯೋ ಅಡ್ಡಬಂದೀತೆಂದು ನಿಧಾನಿಸುತ್ತ ಸಾಗತಕ್ಕದ್ದಲ್ಲದೆ, ಅತಿವೇಗಕ್ಕೆ ಅಲ್ಲಿ ಯಾವ ನ್ಯಾಯವೂ ಇಲ್ಲ. ಅಮೆರಿಕದಲ್ಲಿ ೨೦೦೮ರಿಂದ ೨೦೧೯ರವರೆಗೆ ಮಾರಾಟವಾದ ಎರಡೇ ಆಸನಗಳ 'ಸ್ಮಾರ್ಟ್' ಕಾರು ಅಲ್ಲಿ ನೆಲೆಯೂರಲಿಲ್ಲ. ಗಂಟೆಗೆ ನೂರು ಕಿಲೋಮೀಟರನ್ನು ಮೀರಿ ದಿನವಿಡೀ ಓಡಬೇಕಾದ ಹೆದ್ದಾರಿಯಲ್ಲಿ ಕಿರಿದೊಡಲಿನ ಲಾಭ ಬಹುಮಟ್ಟಿಗೆ ಗಾಳಿಯ ಪಾಲಾಗುವುದು. ಆ ನಾಡಿನ ಅನುಭವವನ್ನು ಆಧಾರಮಾಡಿಕೊಂಡು ಸಣ್ಣ ಕಾರನ್ನು ಹೀಗಳೆಯುವವರ ವಾದ ತೆರಕಣಾಂಬಿಯ ರಸ್ತೆಗೆ ಅನ್ವಯಿಸುವುದಿಲ್ಲ.

ಅನ್ವಯಿಸುವ ಆಕ್ಷೇಪ ಬೇರೆಯೇ ಉಂಟು. ನಮ್ಮಲ್ಲಿ ಸಣ್ಣ ಕಾರನ್ನು ಸಣ್ಣ ಕಾರೆಂದು ಬಳಸುವವರೇ ಕಡಮೆ. ಮಾದಪ್ಪನ ಬೆಟ್ಟಕ್ಕೆ ಹರಕೆಯೆಂದರೆ ಅಜ್ಜಿ, ಮೊಮ್ಮಕ್ಕಳು, ಅಡುಗೆಯ ಪಾತ್ರೆ, ಅಕ್ಕಿಯ ಚೀಲ ಎಲ್ಲವೂ ಏರುವುವು. ಆರೇಳು ಮಂದಿಯ ಭಾರವು ಕಾರಿನ ಸ್ವಂತ ತೂಕದ ಅರ್ಧವನ್ನು ಮುಟ್ಟುವುದು. ಮಸಿನಗುಡಿಯಿಂದ ಊಟಿಗೆ ಏರುವ ಕಲ್ಹಟ್ಟಿಯ ೩೬ ತಿರುವುಗಳಲ್ಲಿ ಇಂಥ ಗಾಡಿ ಮೊದಲನೇ ಗೇರಿನಲ್ಲಿ ಏದುಸಿರು ಬಿಡುತ್ತ, ಕ್ಲಚ್ ಪ್ಲೇಟು ಕಮರಿ ವಾಸನೆಯೇಳುವಾಗ, ಲೀಟರಿಗೆ ಇಪ್ಪತ್ತೆಂಬ ಲೆಕ್ಕವೆಲ್ಲ ನಿರರ್ಥಕವಾಗುತ್ತದೆ. ಚಾಮರಾಜನಗರದಿಂದ ಹೊರಟವನಿಗೆ ದಿಂಬಂನಲ್ಲಿ ಎದುರಾಗುವುದು ಮೊದಲು ಇಳಿತ, ಹಿಂದಿರುಗುವಾಗ ಏರು. ಏರಿನಲ್ಲಿ ಸೋತ ಕಾರು ನಿಂತೀತು, ಇಳಿತದಲ್ಲಿ ಬ್ರೇಕು ಕಾದು ಸೋತ ಕಾರು ನಿಲ್ಲದು. ಆದರೂ ಪೆಟ್ರೋಲು ಉಳಿಸುವ ಆಸೆಯಿಂದ ನ್ಯೂಟ್ರಲಿಗೆ ಹಾಕಿ ಗಾಡಿಯನ್ನು ಜಾರಿಬಿಡುವ ಚಾಲಕರು ಇನ್ನೂ ಇದ್ದಾರೆ. ಮಿತವ್ಯಯವೆಂಬ ಸದ್ಗುಣ ಪ್ರಾಣಾಂತಿಕವಾದ ಚಟವಾಗಿ ಪರಿಣಮಿಸುವುದು ಇಂಥಲ್ಲಿಯೇ.

ಇದಕ್ಕಿಂತಲೂ ಗುರುತರವಾದುದು ಒಡಲಿನ ದಾರ್ಢ್ಯದ ಪ್ರಶ್ನೆ. ೨೦೧೪ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಗಂಟೆಗೆ ೬೪ ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷಿಸಿದಾಗ ಆಲ್ಟೊ ೮೦೦, ನ್ಯಾನೊ ಮೊದಲಾದ ಕಾರುಗಳು ಒಂದು ನಕ್ಷತ್ರವನ್ನೂ ಗಳಿಸಲಿಲ್ಲ. ಚಾಮರಾಜನಗರದ ಕರಿಕಲ್ಲನ್ನು ಹೊತ್ತ ಲಾರಿಗಳು ಓಡಾಡುವ ರಸ್ತೆಯಲ್ಲಿ ಇದು ಕಡೆಗಣಿಸತಕ್ಕ ಸಂಗತಿಯಲ್ಲ, ಏಕೆಂದರೆ ಎರಡು ವಾಹನಗಳು ಸಂಘಟ್ಟಿಸಿದಾಗ ಹಗುರವಾದುದರೊಳಗೆ ಕುಳಿತವರಿಗೇ ಪೆಟ್ಟು ಹೆಚ್ಚು. ಹಗುರತೆಯನ್ನು ಬಿಡಲಾಗದು, ಒಪ್ಪುವೆನು. ಆದರೆ ಗಟ್ಟಿಯಾದ ಚೌಕಟ್ಟನ್ನೂ ಏರ್‌ಬ್ಯಾಗನ್ನೂ ಬಿಟ್ಟು ಅಗ್ಗವಾದುದನ್ನು ಬಡವನ ಭಾಗ್ಯವೆಂದು ಹೊಗಳುವುದು ಬಡವನ ಪ್ರಾಣಕ್ಕೆ ಕಡಮೆ ಬೆಲೆ ಕಟ್ಟಿದಂತೆಯೇ ಸರಿ. ಚಾಲಕನ ಏರ್‌ಬ್ಯಾಗು ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದುದು ೨೦೧೯ರ ಜುಲೈಯಲ್ಲಿ. ಅದಕ್ಕೆ ಮುಂಚಿನ ಗಾಡಿಗಳೇ ಇಂದು ಸೆಕೆಂಡ್‌ಹ್ಯಾಂಡಾಗಿ ಹಳ್ಳಿಗಳನ್ನು ಸೇರುತ್ತಿರುವುವು.

ನ್ಯಾನೊವನ್ನು ಕುರಿತು ಇನ್ನೊಂದು ಮಾತು ಹೇಳಲೇಬೇಕು. ೨೦೦೯ರಲ್ಲಿ ಮಾರಾಟಕ್ಕೆ ಬಂದ, ೬೨೪ ಸಿ.ಸಿ.ಯ ಎಂಜಿನ್ನನ್ನು ಹಿಂಬದಿಯಲ್ಲಿಟ್ಟ ಆ ಕಾರಿನ ರಚನೆಯಲ್ಲಿ ಬುದ್ಧಿವಂತಿಕೆ ಬೇಕಾದಷ್ಟಿತ್ತು. ಹೊರಗಿನ ಅಳತೆ ಕಿರಿದಾದರೂ ಎತ್ತರದ ಆಳು ಒಳಗೆ ಆರಾಮವಾಗಿ ಕೂರಬಹುದಾಗಿತ್ತು. ಆದರೆ ಅದರ ಹಿಂಬಾಗಿಲು ತೆರೆಯುತ್ತಿರಲಿಲ್ಲ. ಒಂದು ಮೂಟೆ ಈರುಳ್ಳಿಯನ್ನು ಸಂತೆಗೆ ಒಯ್ಯಬೇಕಾದರೆ ಪಕ್ಕದ ಬಾಗಿಲಿನಿಂದ ತೂರಿಸಿ, ಹಿಂದಿನ ಆಸನದ ಬೆನ್ನನ್ನು ಮಡಚಿ ಅದರಾಚೆ ತಳ್ಳಬೇಕಾಗಿತ್ತು. ಕಾರೆಂದರೆ ಜನ ಕೂರುವುದಕ್ಕೆ ಮಾತ್ರವೆಂದು ಎಣಿಸಿದವರು, ಈ ಸೀಮೆಯ ರೈತನ ಕಾರು ಅರ್ಧ ಗಾಡಿಯೂ ಹೌದೆಂಬುದನ್ನು ಲಕ್ಷಿಸಿರಲಿಲ್ಲ. ೨೦೧೫ರ ಮಾದರಿಯಲ್ಲಿ ಆ ಬಾಗಿಲು ತೆರೆಯಿತು. ಅಷ್ಟರಲ್ಲಿ ಕೊಳ್ಳುವವರು ಬೇರೆ ಕಾರುಗಳತ್ತ ತಿರುಗಿದ್ದರು, ೨೦೧೮ರಲ್ಲಿ ತಯಾರಿಕೆಯೇ ನಿಂತುಹೋಯಿತು.